ಬಾಯಿ ಮುಚ್ಚಿದ ಕೈ

ಊರಿನ ಹೆಸರು ಮಾತ್ರ ಕೇಳಬೇಡಿ. ಬ್ಯಾಡಗಿ ತಾಲೂಕಿನಲ್ಲಿ, ಕದರಮಂಡಲಗಿಗಿಂತ ಸ್ವಲ್ಪ ಈಚೆಗೆ ಅಂತ ಇಟ್ಟುಕೊಳ್ಳಿ, ಸಾಕು. ಆ ಮನೆಯವರು ಇನ್ನೂ ಇದ್ದಾರೆ, ಮೊಮ್ಮಕ್ಕಳಿಗೆ ಸಂಬಂಧ ನೋಡುತ್ತಿದ್ದಾರೆ. ಹಾವೇರಿ ಆಗ ಇನ್ನೂ ಜಿಲ್ಲೆ ಆಗಿರಲಿಲ್ಲ. ಮೆಣಸಿನಕಾಯಿ ಸುಗ್ಗಿಯ ದಿನಗಳು. ಬ್ಯಾಡಗಿ ಕಡೆಯಿಂದ ಗಾಳಿ ಬೀಸಿದರೆ ಮಲಗಿದವರೂ ಎದ್ದು ಸೀನುತ್ತಿದ್ದರು. ಅಂಥ ಒಂದು ರಾತ್ರಿ ನಡೆದದ್ದು ಇದು.

ಶಾಬುದ್ದೀನ ಅವತ್ತು ಕೊನೆಯ ಬಸ್ಸಿಗೆ ಕ್ರಾಸಿನಲ್ಲಿ ಇಳಿದ. ರಾಣೇಬೆನ್ನೂರಿನಲ್ಲಿ ಅವನದೊಂದು ಗಾದಿ ಅಂಗಡಿ. ಅಪ್ಪ ಅಜ್ಜ ಬಿಲ್ಲು ಹೊತ್ತು ಊರೂರು ತಿರುಗಿ ಹತ್ತಿ ಹಿಂಜಿದವರು, ಇವನು ಮಾತ್ರ ಕರೆಂಟಿನ ಯಂತ್ರ ತಂದಿದ್ದ. ಅವತ್ತು ಕರೆಂಟು ಕೈಕೊಟ್ಟು ಕೆಲಸ ತಡವಾಗಿತ್ತು. ಕ್ರಾಸಿನಿಂದ ಊರಿಗೆ ಮೈಲಿ ಮೇಲೆ ನಡೆಯಬೇಕು. ಎಡಕ್ಕೆ ಖಬರಸ್ತಾನ, ಬಲಕ್ಕೆ ಹಾಳು ಬಾವಿ, ಬಾವಿಯ ಮೇಲೆ ಬಾಗಿದ ಆಲದ ಮರ. ಹುಟ್ಟಿದಾಗಿನಿಂದ ಓಡಾಡಿದ ದಾರಿ, ಹೆದರಿಕೆ ಅನ್ನುವುದು ಎಂದೂ ಇರಲಿಲ್ಲ. ಆದರೆ ಅಣ್ಣ ಚಮನಸಾಬನಿಗೆ ಅದೇ ಖಬರಸ್ತಾನದಲ್ಲಿ ಮಣ್ಣು ಕೊಟ್ಟು ಅವತ್ತಿಗೆ ಒಂಬತ್ತು ದಿನ. ಆ ಒಂಬತ್ತು ದಿನವೂ ಅವನು ಅಲ್ಲಿ ಬಂದಾಗ ಹೆಜ್ಜೆ ಜೋರು ಮಾಡುತ್ತಿದ್ದ.

ಆಲದ ಮರ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗ ಸಪ್ಪಳ ಕೇಳಿಸಿತು.

ಠಂವ್... ಠಂವ್... ಝುಂಯ್...

ಒಂದು ಗಳಿಗೆ ಸುಮ್ಮನೆ. ಮತ್ತೆ... ಠಂವ್... ಠಂವ್... ಝುಂಯ್...

ಬೇರೆ ಯಾರಾದರೂ ಆಗಿದ್ದರೆ ಏನೋ ಹಕ್ಕಿ ಅಂದುಕೊಂಡು ಹೋಗುತ್ತಿದ್ದರು. ಶಾಬುದ್ದೀನ ಪಿಂಜಾರರ ಮನೆಯ ಮಗ. ಕೊಡತಿಯಿಂದ ಬಿಲ್ಲಿನ ಹೆದೆಗೆ ಎರಡು ಪೆಟ್ಟು, ಮೂರನೆಯದಕ್ಕೆ ಹತ್ತಿ ಎಳೆ ಬಿಟ್ಟು ಹಾರುವಾಗಿನ ಎಳೆತ. ಹಾಗೆ ಹೊಡೆಯುತ್ತಿದ್ದವನು ಆ ಸೀಮೆಯಲ್ಲಿ ಒಬ್ಬನೇ ಇದ್ದ. ಅವನು ಸತ್ತ ಮರುದಿನ ಆ ಬಿಲ್ಲಿನ ಹೆದೆ ಬಿಚ್ಚಿ, ಬರೀ ಕಟ್ಟಿಗೆಯನ್ನು ಗೋಡೆಗೆ ತೂಗುಹಾಕಿದವನು ಶಾಬುದ್ದೀನನೇ.

ಓಡಬೇಕು ಅನ್ನಿಸಿದರೂ ನಿಂತ. ಅಲ್ಲಾನ ಹೊರತು ಬೇರೆ ದೇವರಿಲ್ಲ ಅನ್ನುವ ಕಲಿಮಾ ಬಾಯಲ್ಲಿ ಹೇಳುತ್ತ ನೋಡಿದ. ಬಾವಿಯ ಕಟ್ಟೆಯ ಮೇಲೆ ಯಾರೋ ಕೂತಿದ್ದರು.

“ಯಾರ ಅದು?” ಅಂದ.

ಸಪ್ಪಳ ನಿಂತಿತು. ಶಾಬುದ್ದೀನ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು ಕಡ್ಡಿ ಗೀರಿದ. ಮೊದಲನೆಯದು ಆರಿತು. ಎರಡನೆಯದು ಹತ್ತಿತು.

ಕೂತವನು ಚಮನಸಾಬ. ಅದೇ ಮಾಸಿದ ಅಂಗಿ, ಹುಬ್ಬಿನ ಮೇಲೆ ಹತ್ತಿಯ ಧೂಳು. ಎರಡೂ ಕೈ ತೊಡೆಯ ಮೇಲೆ ಇದ್ದವು. ಆದರೆ ಬಾಯಿಯ ಮೇಲೆ ಒಂದು ಕೈ ಇತ್ತು... ಇನ್ನೊಂದು ಕೈ. ಮೂರನೆಯದು. ಅದಕ್ಕೆ ತೋಳಿಲ್ಲ, ಮಣಿಕಟ್ಟಿನ ಹಿಂದೆ ಬರೀ ಕತ್ತಲೆ. ಆ ಕೈಯ ಹೆಬ್ಬೆರಳಿನ ಉಗುರು ಯಂತ್ರಕ್ಕೆ ಸಿಕ್ಕು ಕಪ್ಪಾಗಿತ್ತು. ಕಡ್ಡಿ ಹಿಡಿದ ತನ್ನ ಬೆರಳು ನೋಡಿಕೊಂಡ ಶಾಬುದ್ದೀನ. ಅದೇ ಉಗುರು, ಅದೇ ಕಪ್ಪು.

ಕೈಯ ಕೆಳಗೆ ಅಣ್ಣನ ತುಟಿ ಅಲುಗಾಡುತ್ತಿದ್ದವು. ಕಡ್ಡಿ ಬೆರಳು ಸುಟ್ಟು ಆರಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕೈ ಅಲ್ಲಿಗೆ ಹೇಗೆ ಬಂತು ಅನ್ನುವುದು ಆ ಊರಿನಲ್ಲಿ ಒಬ್ಬನಿಗೇ ಗೊತ್ತಿತ್ತು.

ಚಮನಸಾಬ ಅಂದರೆ ಸುತ್ತ ಹತ್ತು ಹಳ್ಳಿಗೆ ಬೇಕಾದವನು. ಯಾರ ಮನೆಯಲ್ಲಿ ಚೊಚ್ಚಲ ಬಸುರಿ ಇದ್ದರೂ ಎಲೆ ಅಡಿಕೆ ಅಷ್ಟೇ ಇಸಿದುಕೊಂಡು ಗಾದಿ ಹೊಲಿದು ಕೊಡುತ್ತಿದ್ದ. ಯಾವ ಜಾತಿ ಅಂತ ಕೇಳಿದವನಲ್ಲ. ಆದರೆ ನಮಾಜು ಅಂದರೆ ಈದಿಗೆ ಒಮ್ಮೆ, ಅದೂ ಹಿಂದಿನ ಸಾಲಿನಲ್ಲಿ, ಪಕ್ಕದವನನ್ನು ನೋಡಿ ನೋಡಿ ಬಗ್ಗುತ್ತ. ಕಲಿಮಾ ಹೇಳು ಅಂದರೆ ಅರ್ಧಕ್ಕೆ ತಡವರಿಸಿ ನಗುತ್ತಿದ್ದ. ತಮ್ಮ ಹಾಗಲ್ಲ. ಧರ್ಮ ಬೋಧಿಸುತ್ತ ತಿರುಗುವ ಜಮಾತಿನ ಜೊತೆ ನಲವತ್ತು ದಿನ ಊರೂರು ತಿರುಗಿ ಬಂದ ಮೇಲೆ ಶಾಬುದ್ದೀನನ ಗಡ್ಡವೂ ಬೆಳೆದಿತ್ತು, ಮಾತೂ ಬೆಳೆದಿತ್ತು. ಅಲ್ಲಾನ ಮೇಲಿನ ನಂಬಿಕೆ, ಆ ಇಮಾನು ಗಟ್ಟಿ ಇಲ್ಲದವನು ಸಾವಿರ ಗಾದಿ ದಾನ ಮಾಡಿದರೂ ಆಖಿರತ್ತಿನಲ್ಲಿ, ಅಂದರೆ ಸತ್ತ ಮೇಲಿನ ಬದುಕಿನಲ್ಲಿ, ಕೈಗೆ ಏನೂ ಹತ್ತುವುದಿಲ್ಲ ಅಂತ ಅಣ್ಣನಿಗೆ ದಿನಾ ಹೇಳುತ್ತಿದ್ದ. ಅಣ್ಣನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಇದ್ದದ್ದಕ್ಕೇ. ಇವನೊಬ್ಬ ದೋಜಖಿನ ಬೆಂಕಿಗೆ ಬಿದ್ದರೆ ನಾನು ಜನ್ನತ್ತಿನಲ್ಲಿ ಯಾರ ಜೊತೆ ಕೂಡಲಿ ಅಂತ ರಾತ್ರಿ ಎದ್ದು ಅಳುತ್ತಿದ್ದನಂತೆ, ಹೆಂಡತಿ ಮುಮ್ತಾಜಬಿಯೇ ಹೇಳಿದ್ದು.

ಚಮನಸಾಬನಿಗೆ ಜ್ವರ ಬಂದದ್ದು ಮೂರೇ ದಿನ. ಮೂರನೆಯ ಸಂಜೆ ಉಸಿರು ಮೇಲಕ್ಕೆ ಹತ್ತಿತು. ಶಾಬುದ್ದೀನ ತಲೆದೆಸೆಯಲ್ಲಿ ಕೂತು ಕಿವಿಯಲ್ಲಿ ಕಲಿಮಾ ಹೇಳಿದ. ಒಮ್ಮೆ, ಎರಡು ಸಲ. ಮೂರನೆಯ ಸಲ ಅಣ್ಣ ತಾನೇ ಹೇಳಿದ, ತಡವರಿಸದೆ, ಪೂರ್ತಿ. ಶಾಬುದ್ದೀನನ ಕಣ್ಣಲ್ಲಿ ನೀರು ಬಂತು. ಯಾರ ಕಡೆಯ ಮಾತು ಕಲಿಮಾ ಆಗಿರುತ್ತದೋ ಅವನಿಗೆ ಜನ್ನತ್ತು ಅಂತ ಅವನು ಕೇಳಿದ್ದ. ಆಯಿತು, ಅಣ್ಣ ದಾಟಿದ ಅಂದುಕೊಂಡ. ಅತ್ತಿಗೆ ಬಿಸ್ಮಿಲ್ಲಾಬಿ ನೀರು ತರಲು ಒಳಗೆ ಹೋಗಿದ್ದಳು. ಆಗ ಚಮನಸಾಬ ಕಣ್ಣು ಬಿಟ್ಟ. ಗಾಬರಿಯಾದ ಕಣ್ಣು.

“ಶಾಬೂ... ಅದು... ಆ ಗಾದ್ಯಾಗ...”

ಅಷ್ಟೇ ಬಂದದ್ದು. ಕಲಿಮಾದ ಮೇಲೆ ಗಾದಿಯ ಮಾತು ಬಂದು ಕೂತರೆ ಎಲ್ಲಾ ಹಾಳಾಯಿತು ಅಂತ ಶಾಬುದ್ದೀನನಿಗೆ ದಿಗಿಲು ಹುಟ್ಟಿತು. ಬಲಗೈಯಿಂದ ಅಣ್ಣನ ಬಾಯಿ ಮುಚ್ಚಿದ. ಸಾಕಣ್ಣಾ, ಇನ್ನ ಮಾತಾಡಬ್ಯಾಡ ಅಂದ. ಅಂಗೈ ಕೆಳಗೆ ತುಟಿ ಅಲುಗಿದವು. ಬಿಸಿ ಉಸಿರು ಬಡಿಯಿತು, ಮತ್ತೆ ಬಡಿಯಿತು... ಆಮೇಲೆ ಬಡಿಯಲಿಲ್ಲ. ಬಿಸ್ಮಿಲ್ಲಾಬಿ ನೀರು ಹಿಡಿದು ಬಂದಾಗ ಅವನು ಕೈ ತೆಗೆದು ಕೂತಿದ್ದ. ಅಣ್ಣ ಕಲಿಮಾ ಓದಿಯೇ ಹೋದ ಅಂತ ಎಲ್ಲರಿಗೂ ಹೇಳಿದ. ಎಂಥ ಪುಣ್ಯವಂತ ಅಂತ ಊರೇ ಅಂದಿತು. ಬಿಸ್ಮಿಲ್ಲಾಬಿ ಆ ಒಂದು ಮಾತು ಹಿಡಿದುಕೊಂಡೇ ಈ ಒಂಬತ್ತು ದಿನ ದೂಡಿದ್ದಳು.

ಈಗ ಬಾವಿಯ ಹತ್ತಿರ ಬರೋಣ. ಕಡ್ಡಿ ಆರಿದ ಮೇಲೆ ಶಾಬುದ್ದೀನ ಹೇಗೆ ಓಡಿದನೋ ಅವನಿಗೇ ನೆನಪಿಲ್ಲ. ಮಸೂತಿಯ ಮಗ್ಗುಲಿಗೆ ಮುಲ್ಲಾ ರಹಿಮಾನಸಾಬರ ಮನೆ. ದಮ್ಮು ರೋಗದ ಮನುಷ್ಯ, ರಾತ್ರಿ ಮಲಗಲಾಗದೆ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿರುತ್ತಿದ್ದರು. ಅವರ ಉಸಿರಿನ ಸುಂಯ್ ಸುಂಯ್ ಸಪ್ಪಳ ಓಣಿಯ ಕೊನೆಯ ತನಕ ಕೇಳುತ್ತಿತ್ತು. ಆ ಸಪ್ಪಳ ಕೇಳಿಯೇ ಶಾಬುದ್ದೀನನಿಗೆ ಸ್ವಲ್ಪ ಜೀವ ಬಂತು. ಅವರ ಕಾಲ ಹತ್ತಿರ ಕುಸಿದು, ಒಂಬತ್ತು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಪೂರ್ತಿ ಕಕ್ಕಿದ.

ರಹಿಮಾನಸಾಬರು ಮುಂದೆ ಬಾಗಿ ಅವನ ಭುಜದ ಮೇಲೆ ಕೈ ಇಟ್ಟರು. ಒಳಗೆ ಮಲಗಿದವರು ಎದ್ದಾರು ಅಂತ ಪಿಸುದನಿಯಲ್ಲಿ ಕೇಳಿದರು.

“ಹಂಗ ಮಾಡು ಅಂತ ನಿನಗ ಯಾರ ಹೇಳಿದ್ರಪಾ?”

“ಯಾರೂ ಹೇಳಿಲ್ರಿ.”

“ಹೋಗಾಂವ ಮಾತಾಡಿದ್ರ ಮಾತಾಡಾಕ ಬಿಡಬೇಕು, ಶಾಬುದ್ದೀನ. ಮುಗಿಸಿದ ಮ್ಯಾಲ ಸಾವಕಾಶ ಮತ್ತೊಮ್ಮೆ ಕಲಿಮಾ ನೆನಪ ಮಾಡಿಕೊಡಬೇಕು. ಅಷ್ಟ ಇತ್ತು ಕೆಲಸ.”

ಅಷ್ಟೇ ಇತ್ತು. ಇನ್ನೊಂದು ಸಲ ಹೇಳಿಕೊಟ್ಟಿದ್ದರೆ ಸಾಕಿತ್ತು... ತಾನು ಅಣ್ಣನ ಇಮಾನು ಉಳಿಸಿದೆ ಅಂತ ಶಾಬುದ್ದೀನ ಎದೆಯ ಮೂಲೆಯಲ್ಲಿ ಹಿಡಿದುಕೊಂಡಿದ್ದ ಒಂದು ಸಮಾಧಾನವೂ ಹೋಯಿತು. ಹಾಗಿದ್ದರೂ ಅವನು ಬಿಡಲಿಲ್ಲ. ಇಮಾನು ಮೊದಲಲ್ಲವೇ, ಅದು ಇಲ್ಲದೆ ಉಳಿದದ್ದೆಲ್ಲ ಯಾತಕ್ಕೆ ಬಂತು, ನಾನು ಮಾಡಿದ್ದು ಅದಕ್ಕಾಗಿಯೇ ಅಲ್ಲವೇ ಅಂತ ಮುದುಕನ ಮೊಣಕಾಲು ಹಿಡಿದು ಕೇಳಿದ. ಕೇಳಿದ ಅನ್ನುವುದಕ್ಕಿಂತ ಬೇಡಿಕೊಂಡ.

“ಇಮಾನ ಮೊದಲು, ಖರೇ,” ಅಂದರು ರಹಿಮಾನಸಾಬರು. “ಆದ್ರ ಖುರಾನದಾಗ ಇಮಾನ ತಂದವರು ಅಂತ ಬಂದಲ್ಲೆ, ಅದರ ಬೆನ್ನಿಗೇ ಒಳ್ಳೆ ಕೆಲಸಾ ಮಾಡಿದವರು ಅಂತ ಎಷ್ಟೋ ಕಡೆ ಬರತೈತಿ. ಯಾವದ ಹೆಚ್ಚು ಅಂತ ಓದಿದವರು ಜಗಳಾಡ್ಕೋತನ ಬಂದಾರ. ನಾ ಹಳ್ಳಿ ಮುಲ್ಲಾ. ನನಗ ಗೊತ್ತಿದ್ದದ್ದು ಇಷ್ಟ. ಅಲ್ಲಾನ ಹಕ್ಕಿನ್ಯಾಗ ತಪ್ಪಿದ್ರ ಅಲ್ಲಾ ಮಾಫ ಮಾಡ್ಯಾನು. ಮನಷಾರ ಹಕ್ಕಿನ್ಯಾಗ ತಪ್ಪಿದ್ರ, ಆ ಮನಷಾನ ಮಾಫ ಮಾಡಬೇಕು.”

ಅಷ್ಟರಲ್ಲಿ... ಠಂವ್... ಠಂವ್... ಝುಂಯ್...

ಊರೊಳಗಿಂದ ಬಂತು ಈ ಸಲ. ರಹಿಮಾನಸಾಬರ ಸುಂಯ್ಗುಟ್ಟುವ ಉಸಿರು ಒಂದು ಕ್ಷಣ ನಿಂತಿತು. ಅವರಿಗೂ ಕೇಳಿತ್ತು.

“ಆಂವ ಏನ ಹೇಳಾಕ ಹೊಂಟಿದ್ದ, ಅದನ್ನ ಹುಡುಕು,” ಅಂದರು. “ಬೆಳಗಾಗೂತನಕ ಕಾಯಬ್ಯಾಡ.”

ಅಣ್ಣನ ಮನೆಯ ಬಾಗಿಲು ತೆಗೆದವಳು ಮುಮ್ತಾಜಬಿ. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದ ಇದ್ದತ್ತಿನಲ್ಲಿ ಕೂತ ಬಿಸ್ಮಿಲ್ಲಾಬಿಗೆ ಜೊತೆಯಾಗಲು ಅವಳು ಅಲ್ಲೇ ಮಲಗುತ್ತಿದ್ದಳು. ಶಾಬುದ್ದೀನನ ಮುಖ ನೋಡಿ ದಾರಿ ಬಿಟ್ಟಳು. ಬಿಸ್ಮಿಲ್ಲಾಬಿ ಪರದೆಯ ಆಚೆ ಎದ್ದೇ ಕೂತಿದ್ದಳು.

“ನಿನಗೂ ಕೇಳತೈತೇನು?” ಅಂದಳು ಅಲ್ಲಿಂದಲೇ. “ನಾನೂ ದಿನಾ ಕೇಳತೇನಿ. ಬಿಲ್ಲು ನನ್ನ ಎದುರಿಗೆ ಗ್ವಾಡಿ ಮ್ಯಾಲನ ಐತಿ.”

ಶಾಬುದ್ದೀನ ಪರದೆಗೆ ಹಣೆ ಹಚ್ಚಿ ಹೇಳಿದ. ಭಾಬಿ, ಅಣ್ಣನ ಕಡೆಯ ಮಾತು ಕಲಿಮಾ ಅಲ್ಲ, ನಾನು ಸುಳ್ಳು ಹೇಳಿದೆ, ಬಾಯಿ ಮುಚ್ಚಿದವನು ನಾನು. ಆಚೆ ಕಡೆ ಬಳೆಯಿಲ್ಲದ ಕೈ ನೆಲಕ್ಕೆ ಬಿದ್ದ ಸಪ್ಪಳ... ದಪ್... ಅಷ್ಟೇ. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅವಳು, ಕಡೆಗೆ ಏನಂದ ಅಂತ ಕೇಳಿದಳು. ಅವನು ಹೇಳಿದ. ಆ ಗಾದ್ಯಾಗ ಅಂದ, ಅಲ್ಲಿಗೆ ತಡೆದೆ.

“ಗಾದ್ಯಾಗ...” ಅಂತ ಅವಳು ತನ್ನೊಳಗೇ ಅಂದುಕೊಂಡಳು. ಆಮೇಲೆ ನೆನಪು ಮಾಡಿಕೊಂಡು ಹೇಳಿದಳು. ಜ್ವರ ಬಂದ ಮೊದಲ ದಿನ ಚಮನಸಾಬ ಚೀಲ ಕೊಡವಿ, ಚಾಪೆ ಎತ್ತಿ, ಏನೋ ಹುಡುಕಿದ್ದನಂತೆ. ಏನು ಅಂತ ಕೇಳಿದರೆ, ಏನಿಲ್ಲ, ಇಲ್ಲೇ ಎಲ್ಲೋ ಬಿದ್ದಿರಬೇಕು ಅಂದಿದ್ದ. ಮರುದಿನ ಏಳಲಾಗಲಿಲ್ಲ. ಅವಳು ಮೂಲೆಯಿಂದ ಗಂಡನ ಕಂಬಳಿ ತುಂಡು ತೆಗೆದು ಪರದೆಯ ಕೆಳಗೆ ಸರಿಸಿದಳು. ಗಾದಿ ಹೊಲಿಯುವ ದಬ್ಬಣ ಚುಚ್ಚಿಡುವ ತುಂಡು ಅದು. ಎರಡು ದಬ್ಬಣ ಇರಬೇಕಿತ್ತು, ಬೆರಳುದ್ದದವು. ಒಂದೇ ಇತ್ತು. ಇನ್ನೊಂದರ ತೂತು ಬಾಯಿ ತೆರೆದಿತ್ತು.

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಚಮನಸಾಬ ಕಡೆಯದಾಗಿ ಹೊಲಿದ ಗಾದಿ ಅಗಸರ ಓಣಿಯಾಚೆಯ ಉಡಚವ್ವನ ಚೊಚ್ಚಲ ಬಸುರಿ ಮಗಳಿಗೆ. ಮೈ ಸುಡುತ್ತಿದ್ದರೂ, ದಿನ ತುಂಬಿದ ಹುಡುಗಿ ಅಂತ ಸಂಜೆಯೊಳಗೆ ಮುಗಿಸಿ ಕಳಿಸಿದ್ದ. ಅವನು ಸತ್ತ ಮೂರನೆಯ ದಿನ ಅವಳು ಹೆತ್ತಿದ್ದಳು. ಈಗ ಆರು ದಿನದ ಕೂಸು ಅದರ ಮೇಲೆ ಮಲಗಿದೆ.

ಶಾಬುದ್ದೀನ ಚಪ್ಪಲಿಯನ್ನೂ ಮೆಟ್ಟಲಿಲ್ಲ. ಓಣಿಯಲ್ಲಿ ಓಡಿದ. ಸಪ್ಪಳ ಅವನ ಮುಂದೆ ಹೋಗುತ್ತಿತ್ತು... ಠಂವ್... ಠಂವ್... ಗುಡಿಯ ಹಿಂದೆ, ಅಗಸರ ಓಣಿ ದಾಟಿ... ಠಂವ್... ಉಡಚವ್ವನ ಬಾಗಿಲ ಹತ್ತಿರ ಬಂದು ತಟ್ಟನೆ ನಿಂತಿತು. ಒಳಗೆ ಇನ್ನೂ ಕೂಸು ಇದೆಯೋ, ಏನಾಗಿದೆಯೋ... ಯಾ ಅಲ್ಲಾ, ನನ್ನ ನಮಾಜು, ನನ್ನ ರೋಜಾ, ನಲವತ್ತು ದಿನ ತಿರುಗಿದ್ದು, ಎಲ್ಲಾ ತಗೋ, ಆ ಕೂಸು ಉಳಿಸು ಅಂತ ಬೇಡಿಕೊಂಡ. ಬೇಡಿಕೊಳ್ಳುವಾಗಲೇ ಬಾಗಿಲು ಬಡಿದ.

ಬಾಣಂತಿಯ ಮನೆಗೆ ನಡುರಾತ್ರಿ ಸರುವೊತ್ತಿನಲ್ಲಿ ಗಂಡಸು ಬಂದರೆ ಯಾರು ಸುಮ್ಮನಿರುತ್ತಾರೆ? ಉಡಚವ್ವ ಕುಡುಗೋಲು ಹಿಡಿದೇ ಬಾಗಿಲು ತೆಗೆದಳು. ಮಗ್ಗುಲ ಮನೆಯ ಗುಡ್ಡವ್ವ ಕಂದೀಲು ತಂದಳು. ಮಣ್ಣು ಕೊಟ್ಟ ಮನೆಯವನು, ಹಸಿ ಬಾಣಂತಿಯ ಹೊಸ್ತಿಲು ತುಳಿಯಬೇಡ ಅಂತ ಗದರಿದರು. ಅವನು ಹೊಸ್ತಿಲಾಚೆ ಮಣ್ಣಿನಲ್ಲಿ ಮೊಣಕಾಲೂರಿ ಕೈ ಮುಗಿದ.

“ನನ್ನ ಕಡಿ ಬೇ ಯವ್ವಾ, ಬ್ಯಾಡನ್ನಂಗಿಲ್ಲ. ಮೊದಲ ಕೂಸಿನ ಗಾದಿ ಮ್ಯಾಲಿಂದ ಎತ್ತಿಕೋ.”

ಅವನ ದನಿಯಲ್ಲಿ ಏನಿತ್ತೋ, ಉಡಚವ್ವ ಕುಡುಗೋಲು ಕೆಳಗಿಟ್ಟು ಒಳಗೋಡಿದಳು. ಹೊರಸಿನ ಮೇಲಿಂದ ಕೂಸನ್ನು ಎತ್ತಿದಳು. ಕೂಸು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು. ಮೈ ಮೇಲೆ ಒಂದು ಗೆರೆ ಕೂಡ ಇರಲಿಲ್ಲ. ಶಾಬುದ್ದೀನ ಗಾದಿಯನ್ನು ಹೊರಗೆ ತರಿಸಿ, ಕಂದೀಲಿನ ಬೆಳಕಿನಲ್ಲಿ ಅಂಗೈಯಿಂದ ಒತ್ತುತ್ತ ಹೋದ. ಕೂಸು ಮಲಗಿದ್ದ ಜಾಗ ಇನ್ನೂ ಬೆಚ್ಚಗಿತ್ತು. ಅಲ್ಲಿ ಕೈ ನಿಂತಿತು. ಹೊಲಿಗೆ ಹರಿದು ಬೆರಳು ಇಳಿಸಿದ.

ದಬ್ಬಣ ಇತ್ತು. ನೆಟ್ಟಗೆ ನಿಂತಿತ್ತು, ಮೊನೆ ಮೇಲೆ ಮಾಡಿ. ಗಾದಿಯ ಬಟ್ಟೆಗೂ ಮೊನೆಗೂ ನಡುವೆ ಒಂದು ಬೆರಳಿನ ಅಗಲವೂ ಇರಲಿಲ್ಲ.

ಉಡಚವ್ವ ಕೂಸನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟಳು. ಶಾಬುದ್ದೀನ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಅವಳ ಕಾಲ ಹತ್ತಿರ ಇಟ್ಟ. ತನ್ನ ಅಣ್ಣನನ್ನು ಮಾಫ ಮಾಡು ಅಂದ. ಅವನು ಬೇಕಂತ ಮಾಡಿದ್ದಲ್ಲ, ಹೇಳಲಿಕ್ಕೇ ಹೊರಟಿದ್ದ, ನೀನು ಮಾಫ ಮಾಡದಿದ್ದರೆ ಅವನಿಗೆ ಅಲ್ಲಿ ಬಿಡುಗಡೆ ಇಲ್ಲ ಅಂತ ಬಿಕ್ಕಿ ಬಿಕ್ಕಿ ಅತ್ತ.

“ಮಾಫ ಐತೆಪಾ,” ಅಂದಳು ಉಡಚವ್ವ. “ನನ್ನ ಮಗಳಿಗೆ ಮೆತ್ತಗ ಮಲಗಾಕ ಕೊಟ್ಟಾಂವ. ಅಂವಗ ಎಂದೋ ಮಾಫ ಐತಿ. ಏಳು.”

ಅವನು ಏಳಲಿಲ್ಲ. “ಅಂವಗ ಆತು,” ಅಂದ. “ನನಗ ಮಾಫ ಮಾಡಬೇಕಾದಾಂವ ಮಣ್ಣಾಗ ಅದಾನ. ನಾ ಯಾರನ್ನ ಕೇಳ್ಲಿ ಬೇ?”

ಉಡಚವ್ವ ಟೊಪ್ಪಿಗೆ ಎತ್ತಿ ಅವನ ಕೈಗಿಟ್ಟಳು. ಶಾಬುದ್ದೀನ ಆಮೇಲೂ ಐದು ಹೊತ್ತು ನಮಾಜು ಬಿಡಲಿಲ್ಲ, ಆದರೆ ಯಾರ ಇಮಾನು ಎಷ್ಟು ಅಂತ ಬಾಯಿ ಬಿಟ್ಟು ಹೇಳಿದ್ದನ್ನು ಊರವರು ಮತ್ತೆ ಕೇಳಲಿಲ್ಲ. ಬಿಲ್ಲಿನ ಸಪ್ಪಳವೂ ಆ ರಾತ್ರಿಗೇ ಕೊನೆ.

ಗುಡ್ಡವ್ವ, ಕಂದೀಲು ಹಿಡಿದಿದ್ದವಳು, ನನ್ನ ಸೋದರತ್ತೆ. ಸುಳ್ಳು ಹೇಳುವ ಹೆಂಗಸಲ್ಲ. ಆ ದಬ್ಬಣವನ್ನು ಶಾಬುದ್ದೀನನ ಕೈಯಿಂದ ಇಸಿದುಕೊಂಡು ಗೂಡಿನಲ್ಲಿಟ್ಟವಳು ಅವಳೇ. ಅದರ ಮೊನೆಗೆ ಅರಳೆ ಸುತ್ತಿತ್ತಂತೆ, ಏಳೆಂಟು ಸುತ್ತು, ಬಿಗಿಯಾಗಿ. ಪಿಂಜಾರರು ಮೊನೆ ಯಾರಿಗೂ ಚುಚ್ಚದಿರಲಿ ಅಂತ ಹಾಗೆ ಸುತ್ತಿಡುತ್ತಾರೆ. ಚೂರು ಅರಳೆಯನ್ನು ನಾಲಿಗೆಯಿಂದ ನೆನೆಸಿ, ಹೊಸೆದು, ಸುತ್ತುತ್ತಾರೆ. ಹೊಲಿದು ಮುಚ್ಚಿದ ಗಾದಿಯೊಳಗೆ ಅದನ್ನು ಸುತ್ತಿದವರು ಯಾರು ಅಂತ ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಅತ್ತೆ ಸಾಯುವ ತನಕ ಕೈ ಮೇಲೆ ಕೈ ಇಟ್ಟು ಆಣೆ ಮಾಡಿ ಹೇಳುತ್ತಿದ್ದಳು, ಇದು ನಡೆದದ್ದು ಖರೇ. ಚಮನಸಾಬ ಸತ್ತು ಅವತ್ತಿಗೆ ಒಂಬತ್ತು ದಿನ. ಅವಳು ಮುಟ್ಟಿ ನೋಡಿದಾಗ ಆ ಅರಳೆ ಇನ್ನೂ ಹಸಿ ಇತ್ತು.